ಹನ್ನೊಂದು ಹಾಡು, ಒಂದೇ ಹೆಸರು

"ಆಯ್ದ ಕತೆಗಳು", "ಪ್ರಾತಿನಿಧಿಕ ಕವಿತೆಗಳು" ಎಂಬಂಥ ಪುಸ್ತಕ ಕೈಗೆ ಬಂದ ಕೂಡಲೇ ನಮ್ಮ ಬಳಗದ ಓದುಗರು ಮೊದಲು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಪರಿವಿಡಿ ತಿರುವಿ ತಮ್ಮ ಮೆಚ್ಚಿನದು ಬಿಟ್ಟುಹೋಗಿದೆಯೇ ಎಂದು ನೋಡುತ್ತಾರೆ. ಬಿಟ್ಟಿದ್ದರೆ ಸಂಪಾದಕರನ್ನು ಮನಸ್ಸಿನಲ್ಲೇ ಎರಡು ಮಾತು ಬೈದು, ಆಮೇಲೆ ಓದಲು ಕೂರುತ್ತಾರೆ. ಸಂಗೀತದ ಸಂಕಲನಗಳಿಗೂ ಈ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಈ ಸಲ ಬರೆಯುತ್ತಿರುವುದು ಒಂದು ಸಂಕಲನದ ಬಗ್ಗೆ. ಕೊಲಂಬಿಯಾ ಕಂಪನಿ 1966ರಲ್ಲಿ ಹೊರತಂದ "ಡೇವ್ ಬ್ರೂಬೆಕ್ಸ್ ಗ್ರೇಟೆಸ್ಟ್ ಹಿಟ್ಸ್".

ಜಾಜ್ ಎಂದರೆ ದೂರ ಸರಿಯುವವರು ದಯವಿಟ್ಟು ಎರಡು ನಿಮಿಷ ಕೂರಿ. ಈ ತಟ್ಟೆಯ ಮೊದಲನೆಯದಾದ "ಟೇಕ್ ಫೈವ್" ಅನ್ನು ನೀವು ಕೇಳಿಯೇ ಇರುತ್ತೀರಿ. ಕಾಫಿ ಅಂಗಡಿಯಲ್ಲಿ, ವಿಮಾನ ನಿಲ್ದಾಣದಲ್ಲಿ, ಫೋನಿನಲ್ಲಿ ಹೋಲ್ಡ್ ಮಾಡಿ ಅಂದಾಗ, ಎಲ್ಲೋ ಒಂದು ಕಡೆ. ಪಿಯಾನೊ ಒಂದೇ ಮಟ್ಟನ್ನು ಮತ್ತೆ ಮತ್ತೆ ಬಾರಿಸುತ್ತಿರುತ್ತದೆ, ಅದರ ಮೇಲೆ ಸ್ಯಾಕ್ಸೊಫೋನ್ ಯಾವ ಅವಸರವೂ ಇಲ್ಲದೆ ನಡೆದುಕೊಂಡು ಹೋಗುತ್ತದೆ. ತಟ್ಟೆಯಲ್ಲಿ ಹೀಗೆ ಒಟ್ಟು ಹನ್ನೊಂದು ಹಾಡುಗಳಿವೆ. ಹಾಡು ಎನ್ನುವುದು ಅಭ್ಯಾಸದ ಮಾತು, ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮುಖಪುಟದಲ್ಲಿ ಒಬ್ಬನ ಹೆಸರು. ಆದರೆ ಆ ಮೊದಲನೆಯ, ಜಗತ್ಪ್ರಸಿದ್ಧವಾದ "ಟೇಕ್ ಫೈವ್" ಆ ಹೆಸರಿನವನ ರಚನೆಯೇ ಅಲ್ಲ! ಅದನ್ನು ಕಟ್ಟಿದವನು ಸ್ಯಾಕ್ಸೊಫೋನ್ ನುಡಿಸಿದ ಪಾಲ್ ಡೆಸ್ಮಂಡ್. ಈ ಸಂಕಲನವನ್ನು ಅದರ ಮುಖಪುಟದ ಹೊರಗೆ ಉಳಿದವರ ಕಡೆಯಿಂದ ಓದಬೇಕು ಎಂದು ನನಗೆ ಅನ್ನಿಸಿದ್ದು ಇದಕ್ಕೇ.

ಮೊದಲು ಹೆಸರಿರುವವನ ಕತೆಯನ್ನು ಮುಗಿಸೋಣ. ಡೇವ್ ಬ್ರೂಬೆಕ್ ಹುಟ್ಟಿದ್ದು 1920ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯದ ಕಾನ್‌ಕಾರ್ಡ್‌ನಲ್ಲಿ. ಬೇ ಏರಿಯಾದ ಕನ್ನಡಿಗರಿಗೆ ಇದು ಬಾರ್ಟ್ ರೈಲು ಹೋಗುವ ಊರು. ತಂದೆ ದನ ಸಾಕುವ ರ‍್ಯಾಂಚಿನ ಮನುಷ್ಯ, ತಾಯಿ ಪಿಯಾನೊ ಪಾಠ ಹೇಳುತ್ತಿದ್ದವರು. ಹುಡುಗನ ಒಲವು ತಂದೆಯ ಕಡೆಗೆ. ಕುದುರೆ ಏರಿ ಒಂಟಿಯಾಗಿ ಹೋಗುವಾಗ ಅದರ ಗೊರಸಿನ ಸದ್ದಿಗೆ ಅಡ್ಡಲಾಗಿ ಬೇರೊಂದು ಲಯವನ್ನು, ನೀರೆತ್ತುವ ಎಂಜಿನ್ನಿನ ಸದ್ದಿಗೆ ಅಡ್ಡಲಾಗಿ ಮತ್ತೊಂದನ್ನು ಮನಸ್ಸಿನಲ್ಲೇ ಹೆಣೆಯುತ್ತಿದ್ದೆ ಎಂದು ಆತ ಮುಂದೆ ಹೇಳಿಕೊಂಡಿದ್ದಾನೆ. ಪಶುವೈದ್ಯನಾಗಲೆಂದು ಸ್ಟಾಕ್‌ಟನ್ನಿನ ಕಾಲೇಜು ಸೇರಿ, ಅಲ್ಲಿ ಸಂಗೀತ ವಿಭಾಗಕ್ಕೆ ಜಾರಿದ. ಕೊನೆಯ ವರ್ಷದಲ್ಲಿ ಗುಟ್ಟು ರಟ್ಟಾಯಿತು: ಇವನಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಎಲ್ಲವನ್ನೂ ಕಿವಿಯಿಂದಲೇ ನಿಭಾಯಿಸಿದ್ದ. ಮುಂದೆಂದೂ ಪಿಯಾನೊ ಪಾಠ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ 1942ರಲ್ಲಿ ಪದವಿ ಕೊಟ್ಟು ಕಳಿಸಿದರು. ಗುರುಮುಖೇನ ಕಲಿಯುವ ನಮ್ಮ ಪದ್ಧತಿಯಲ್ಲಾಗಿದ್ದರೆ ಇದೊಂದು ತಪ್ಪೇ ಆಗುತ್ತಿರಲಿಲ್ಲ.

ಅಲ್ಲಿಂದ ನೇರ ಸೈನ್ಯಕ್ಕೆ. 1944ರಲ್ಲಿ ಫ್ರಾನ್ಸಿನ ಯುದ್ಧಭೂಮಿಯ ಹತ್ತಿರ ಸೈನಿಕರನ್ನು ರಂಜಿಸಲು ರೆಡ್ ಕ್ರಾಸ್‌ನ ತಂಡವೊಂದು ಬಂದಿತ್ತು, ಅವರಿಗೆ ಪಿಯಾನೊ ನುಡಿಸುವವರು ಬೇಕಿತ್ತು. ಬ್ರೂಬೆಕ್ ಎದ್ದು ನಿಂತ. ಅವನ ವಾದನ ಕೇಳಿದ ಕರ್ನಲ್ ಇವನನ್ನು ರಣರಂಗಕ್ಕೆ ಕಳಿಸಬೇಡಿ, ಬ್ಯಾಂಡ್ ಕಟ್ಟಲಿ ಎಂದ. ಬಿಳಿಯರ, ಕರಿಯರ ಪಡೆಗಳು ಬೇರೆಬೇರೆಯಾಗಿದ್ದ ಸೈನ್ಯದಲ್ಲಿ ಇವನು ಕಟ್ಟಿದ ಬ್ಯಾಂಡಿನಲ್ಲಿ ಇಬ್ಬರೂ ಇದ್ದರು. ರೆಡ್ ಕ್ರಾಸ್ ಎಂಬ ಹೆಸರನ್ನು ನೆನಪಿಟ್ಟಿರಿ, ಕಡೆಗೆ ಇನ್ನೊಮ್ಮೆ ಬರುತ್ತದೆ.

ಯುದ್ಧ ಮುಗಿದ ಮೇಲೆ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ ದಾರಿಯುಸ್ ಮಿಯೊ ಎಂಬ ಫ್ರೆಂಚ್ ಸಂಯೋಜಕನ ಬಳಿ ಕಲಿಕೆ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದಿದ್ದ ಯಹೂದಿ ಈತ. ಶಾಸ್ತ್ರೀಯ ಸಂಗೀತದ ಈ ದೊಡ್ಡ ಮೇಷ್ಟ್ರು ಶಿಷ್ಯನಿಗೆ ಕೊಟ್ಟ ಸಲಹೆ, ಜಾಜ್ ಬಿಡಬೇಡ ಎಂಬುದು. ಬ್ರೂಬೆಕ್ ತನ್ನ ಹಿರಿಯ ಮಗನಿಗೆ ದಾರಿಯುಸ್ ಎಂದೇ ಹೆಸರಿಟ್ಟ.

1951ರಲ್ಲಿ ಡೆಸ್ಮಂಡ್ ಜೊತೆ ನಾಲ್ವರ ತಂಡ ಶುರುವಾಯಿತು. ಜಾಜ್ ಆಗ ಹೊಗೆ ತುಂಬಿದ ಕ್ಲಬ್ಬುಗಳ ಸಂಗೀತ. ಅದನ್ನು ಕಾಲೇಜುಗಳಿಗೆ ಒಯ್ಯಬಹುದು ಎಂಬ ಉಪಾಯ ಬ್ರೂಬೆಕ್‌ನ ಹೆಂಡತಿ ಅಯೋಲಾ ಅವರದು. ಪಶ್ಚಿಮ ಕರಾವಳಿಯ ಕಾಲೇಜುಗಳಿಗೆಲ್ಲ ಕೂತು ಕಾಗದ ಬರೆದದ್ದೂ ಅವರೇ. ಇಂದಿನ ಭಾಷೆಯಲ್ಲಿ ಮಾರ್ಕೆಟಿಂಗ್ ವಿಭಾಗ ಪೂರ್ತಿ ಅವರೊಬ್ಬರೇ ಎನ್ನಬೇಕು. ವಿದ್ಯಾರ್ಥಿಗಳು ಮುಗಿಬಿದ್ದು ಕೇಳಿದರು. 1954ರ ನವೆಂಬರ್ 8ರ "ಟೈಮ್" ಪತ್ರಿಕೆಯ ಮುಖಪುಟದಲ್ಲಿ ಬ್ರೂಬೆಕ್‌ನ ಚಿತ್ರ ಬಂತು. ಡೆನ್ವರಿನ ಹೋಟೆಲಿನಲ್ಲಿ ಬೆಳಗ್ಗೆ ಬಾಗಿಲು ಬಡಿದು ಆ ಸಂಚಿಕೆಯನ್ನು ಕೈಗಿಟ್ಟವನು ಡ್ಯೂಕ್ ಎಲಿಂಗ್ಟನ್! ಬ್ರೂಬೆಕ್‌ಗೆ ಖುಷಿಗಿಂತ ನಾಚಿಕೆಯಾಯಿತಂತೆ. ಈ ಗೌರವ ಮೊದಲು ಸಲ್ಲಬೇಕಾದದ್ದು ಎಲಿಂಗ್ಟನ್‌ಗೆ, ತನಗೆ ಬೇಗ ಸಿಕ್ಕಿದ್ದಕ್ಕೆ ತನ್ನ ಚರ್ಮದ ಬಣ್ಣವೂ ಕಾರಣ ಎಂಬುದು ಅವನಿಗೆ ತಿಳಿದಿತ್ತು. ನಮ್ಮ ಸಂಕಲನದಲ್ಲಿರುವ "ದ ಡ್ಯೂಕ್" ಎಂಬ ಪುಟ್ಟ ರಚನೆ ಎಲಿಂಗ್ಟನ್‌ಗೆ ಸಲ್ಲಿಸಿದ್ದು. ಅದರ ಮೊದಲ ಹೆಸರಿನಲ್ಲಿ ಗುರು ಮಿಯೊ ಕೂಡ ಇದ್ದ, ಆಮೇಲೆ ಕತ್ತರಿಸಿ ಚಿಕ್ಕದು ಮಾಡಿದರು. ಹೆಸರುಗಳು ಬಿಟ್ಟುಹೋಗುವುದು ಹೀಗೂ ಉಂಟು.

ಇನ್ನು 1958. ನನ್ನ ಲೆಕ್ಕದಲ್ಲಿ ಈ ಸಂಕಲನ ನಿಜವಾಗಿ ಹುಟ್ಟಿದ ವರ್ಷ ಅದು. ಶೀತಲ ಸಮರದ ಕಾಲ. ತನ್ನ ದೇಶದ ಸಂಸ್ಕೃತಿಯನ್ನು ಜಗತ್ತಿಗೆ ತೋರಿಸಲು ಅಮೆರಿಕದ ವಿದೇಶಾಂಗ ಖಾತೆ ಜಾಜ್ ತಂಡಗಳನ್ನು ಊರೂರಿಗೆ ಕಳಿಸುತ್ತಿತ್ತು. ಬ್ರೂಬೆಕ್ ತಂಡ ಪೋಲೆಂಡ್, ತುರ್ಕಿ, ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತ, ಸಿಲೋನ್, ಇರಾನ್, ಇರಾಕ್ ಎಂದು ತಿಂಗಳುಗಟ್ಟಲೆ ತಿರುಗಿತು. ತಂಡದಲ್ಲಿ ಡೆಸ್ಮಂಡ್ ಜೊತೆಗೆ ಡ್ರಮ್ಸ್‌ಗೆ ಜೋ ಮೊರೆಲ್ಲೊ, ಬೇಸ್‌ಗೆ ಯುಜೀನ್ ರೈಟ್. ಮೊರೆಲ್ಲೊಗೆ ಕಣ್ಣು ಮಂದ, ರೈಟ್ ಕಪ್ಪು ವರ್ಣದವನು. ಈ ಎರಡನೆಯ ಸಂಗತಿಗೆ ಆಮೇಲೆ ಬರುತ್ತೇನೆ.

ಇಸ್ತಾಂಬುಲ್‌ನಲ್ಲಿ ಬ್ರೂಬೆಕ್ ರೇಡಿಯೊ ಕೇಂದ್ರಕ್ಕೆ ನಡೆದು ಹೋಗುತ್ತಿದ್ದಾಗ ಬೀದಿಯ ವಾದ್ಯಗಾರರ ಒಂದು ಲಯ ಕಿವಿಗೆ ಬಿತ್ತು. ಒಂಬತ್ತು ಮಾತ್ರೆಗಳು, ಆದರೆ ಪಾಶ್ಚಾತ್ಯರಂತೆ ಮೂರು ಮೂರರ ಕಟ್ಟಲ್ಲ. ಎರಡು, ಎರಡು, ಎರಡು, ಮೂರು. ಕೇಂದ್ರ ತಲುಪಿ ಅಲ್ಲಿನ ಸಂಗೀತಗಾರರ ಮುಂದೆ ಅದನ್ನು ಗುನುಗಿದನಂತೆ. ಇಡೀ ಆರ್ಕೆಸ್ಟ್ರಾ ಆ ಲಯ ಹಿಡಿದು ನುಡಿಸಲು ಶುರು ಮಾಡಿತು. ನಿಮಗೆ ಬ್ಲೂಸ್ ಹೇಗೋ ನಮಗೆ ಇದು ಹಾಗೆ ಎಂಬ ಅರ್ಥದ ಉತ್ತರ ಸಿಕ್ಕಿತು. ಆ ಲಯದ ಮೇಲೆ ಕಟ್ಟಿದ್ದೇ ಸಂಕಲನದಲ್ಲಿರುವ "ಬ್ಲೂ ರೋಂಡೊ ಆ ಲಾ ಟರ್ಕ್".

ಈಗ ನಮ್ಮ ಬಾಯಲ್ಲಿ ಇದನ್ನು ಹೇಳಿ ನೋಡಿ: ತಕ ದಿಮಿ ತಕ ತಕಿಟ. ಎರಡು, ಎರಡು, ಎರಡು, ಮೂರು. ಮೃದಂಗದ ಮಕ್ಕಳು ಸಂಕೀರ್ಣ ಜಾತಿಗೆ ಹೇಳುವ ಪಾಠವೇ ಇದು! ಬ್ರೂಬೆಕ್ ಇದನ್ನು ಮೂರು ಆವರ್ತ ನುಡಿಸಿ, ನಾಲ್ಕನೆಯದನ್ನು ತಕಿಟ ತಕಿಟ ತಕಿಟ ಎಂದು ಮುರಿಯುತ್ತಾನೆ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಶನಿವಾರ ಮೃದಂಗಕ್ಕೂ ಭಾನುವಾರ ಪಿಯಾನೊಗೂ ಕರೆದೊಯ್ಯುವ ತಂದೆತಾಯಂದಿರು ಇದನ್ನು ಕಾರಿನಲ್ಲಿ ಹಾಕಿ ಪರೀಕ್ಷಿಸಬಹುದು. "ಟೇಕ್ ಫೈವ್" ಐದರ ಲೆಕ್ಕ, ತಕಿಟ ತಕ, ಅಂದರೆ ಖಂಡ ಚಾಪನ್ನು ತಿರುಗಿಸಿ ಹಾಕಿದಂತೆ. "ಅನ್‌ಸ್ಕ್ವೇರ್ ಡಾನ್ಸ್" ಏಳರದು, ತಕದಿಮಿ ತಕಿಟ. ಅದರಲ್ಲಿ ಚಪ್ಪಾಳೆಯೇ ವಾದ್ಯ, ಕೊನೆಯಲ್ಲಿ ತಪ್ಪಿಲ್ಲದೆ ಮುಗಿಯಿತಲ್ಲ ಎಂದು ನಗುವ ಸದ್ದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಜಾಜ್ ಲೋಕಕ್ಕೆ ನಾಲ್ಕರ ಎಣಿಕೆ, ನಮ್ಮ ಸಾಫ್ಟ್‌ವೇರ್ ಮಾತಿನಲ್ಲಿ, ಡೀಫಾಲ್ಟ್ ಸೆಟ್ಟಿಂಗ್ ಆಗಿತ್ತು. ಮೂರರಲ್ಲಿ ಮ್ಯಾಕ್ಸ್ ರೋಚ್‌ನಂಥವರು ಮೊದಲೇ ನುಡಿಸಿದ್ದರು. ಐದು, ಏಳು, ಒಂಬತ್ತು ಎಂದರೆ ಮಾತ್ರ ಕುತೂಹಲದ ವಸ್ತು. ತುರ್ಕಿಯವರೇ ಇಂಥ ಲಯಗಳನ್ನು "ಅಕ್ಸಕ್", ಎಂದರೆ ಕುಂಟುವ ಲಯ, ಎನ್ನುತ್ತಾರೆ. ಚಾಪು ತಾಳದಲ್ಲಿ ಬೆಳೆದ ಕಿವಿಗೆ ಕುಂಟು ಎಲ್ಲೂ ಕೇಳಿಸುವುದಿಲ್ಲ.

ಇದರಿಂದ ಬ್ರೂಬೆಕ್ ನಮ್ಮಿಂದಲೇ ಕದ್ದ ಎಂದು ಯಾರೂ ಇ-ಮೇಲ್ ಕಳಿಸಬೇಡಿ. ಆ ಒಂಬತ್ತು ತುರ್ಕಿಯದೇ. ಭಾರತದ ಋಣ ಬೇರೆ ಕಡೆ ಇದೆ. ಮದರಾಸಿನಲ್ಲಿ ಮೊರೆಲ್ಲೊ ಮೃದಂಗದವರೊಂದಿಗೆ ಕೂತ. ಬೊಂಬಾಯಿಯಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಂ ಜಾಫರ್ ಖಾನ್ ಜೊತೆ ಬ್ರೂಬೆಕ್ ನುಡಿಸಿದ. ಅವರ ಜೊತೆ ಕೂತದ್ದರಿಂದ ತನ್ನ ವಾದನವೇ ಬದಲಾಯಿತೆಂದು ನಂತರ ಹೇಳಿದ. ಆ ವರ್ಷವೇ ಬಂದ "ಜಾಜ್ ಇಂಪ್ರೆಶನ್ಸ್ ಆಫ್ ಯುರೇಶಿಯಾ" ತಟ್ಟೆಯಲ್ಲಿ "ಕಲ್ಕತ್ತಾ ಬ್ಲೂಸ್" ಎಂಬ ರಚನೆಯಿದೆ. ಮೊರೆಲ್ಲೊ ಅದರಲ್ಲಿ ಕೋಲು ಬದಿಗಿಟ್ಟು ಕೈಯಿಂದಲೇ ಡ್ರಮ್ಸ್ ನುಡಿಸುತ್ತಾನೆ. ಅದು ಈ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಇಲ್ಲ. ಹಿಟ್ ಆಗಿರಲಿಲ್ಲ, ಆದ್ದರಿಂದ ಇಲ್ಲ, ಸರಿಯೇ. ಆದರೂ ನಾನು ಬೈಯಬೇಕಾದ ಜಾಗ ಅದು, ಬೈದಿದ್ದೇನೆ. 1966ರಲ್ಲಿ ಈ ತಟ್ಟೆ ಕೊಂಡವನಿಗೆ ಈ ಲಯಗಳು ಎಲ್ಲಿಂದ ಬಂದವೆಂಬ ಸುಳಿವು ಒಂದು ಶೀರ್ಷಿಕೆಯ "ಟರ್ಕ್" ಎಂಬ ಪದದಲ್ಲಿ ಮಾತ್ರ ಸಿಗುತ್ತಿತ್ತು. ಅದನ್ನೂ ಅನೇಕರು ಮೊಟ್ಸಾರ್ಟ್‌ನ ತುರ್ಕಿ ರೋಂಡೊ ಇರಬೇಕೆಂದುಕೊಂಡರು.

ಪ್ರವಾಸದಿಂದ ಮರಳಿದ ಮೇಲೆ ಬ್ರೂಬೆಕ್ ಇಂಥ ಲಯಗಳದ್ದೇ ಒಂದು ತಟ್ಟೆ ಮಾಡುತ್ತೇನೆಂದ. ಕೊಲಂಬಿಯಾದ ಮಾರಾಟದವರು ತಲೆ ಮೇಲೆ ಕೈ ಹೊತ್ತರು. ಎಲ್ಲವೂ ಹೊಸ ರಚನೆಗಳು, ಜನ ಬಲ್ಲ ಒಂದು ಹಾಡೂ ಇಲ್ಲ. ಕುಣಿಯಲು ಬರುವುದಿಲ್ಲ. ಮುಖಪುಟಕ್ಕೆ ಫೋಟೊ ಬದಲು ನೀಲ್ ಫುಜಿತ ಎಂಬ ಕಲಾವಿದನ ಅಮೂರ್ತ ಚಿತ್ರ. ಕಂಪನಿಯ ಅಧ್ಯಕ್ಷ ಗೊಡಾರ್ಡ್ ಲೀಬರ್ಸನ್ ಮಾತ್ರ ಬೆನ್ನಿಗೆ ನಿಂತ. ರಾಜಿ ಏನಾಯಿತೆಂದರೆ, ಮೊದಲು ಮಾರಾಟವಾಗುವಂಥ ಒಂದು ತಟ್ಟೆ ಮಾಡಿಕೊಡು. ಹಾಗೆ 1959ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಹಳೆಯ ಹಾಡುಗಳನ್ನೆಲ್ಲ ಸೇರಿಸಿ "ಗಾನ್ ವಿತ್ ದ ವಿಂಡ್" ಮಾಡಿಕೊಟ್ಟ. ಒಂದು ಬಗೆಯ ಇನ್ಶೂರೆನ್ಸ್. ಆ ಬೇಸಿಗೆಯಲ್ಲಿ ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ "ಟೈಮ್ ಔಟ್" ಮುದ್ರಣವಾಗಿ ಡಿಸೆಂಬರ್‌ನಲ್ಲಿ ಹೊರಬಂತು.

"ಟೇಕ್ ಫೈವ್" ಅದರಲ್ಲಿ ಮೊರೆಲ್ಲೊನ ಡ್ರಮ್ಸ್‌ಗೆ ಜಾಗ ಕೊಡಲೆಂದು ಮಾಡಿದ್ದು. ಐದರ ಲಯದಲ್ಲಿ ಮೊರೆಲ್ಲೊ ಆಡುತ್ತಿದ್ದುದನ್ನು ಕೇಳಿ ಬ್ರೂಬೆಕ್ ಇದಕ್ಕೊಂದು ಮಟ್ಟು ತಾ ಎಂದ. ಡೆಸ್ಮಂಡ್ ಎರಡು ಬಿಡಿ ಮಟ್ಟುಗಳನ್ನು ತಂದ, ಅವುಗಳನ್ನು ಹೇಗೆ ಜೋಡಿಸಬೇಕೆಂದು ಬ್ರೂಬೆಕ್ ತೋರಿಸಿದ. ಲಯ ಜಾರದಿರಲು ಪಿಯಾನೊ ತನ್ನ ಒಂದೇ ಮಟ್ಟನ್ನು ಉದ್ದಕ್ಕೂ ಹಿಡಿದುಕೊಂಡಿತು. ಮೊದಲ ದಿನದ ಪ್ರಯತ್ನಗಳು ಕೈಕೊಟ್ಟವು, ಜುಲೈ 1ರಂದು ಕೂಡಿಬಂತು. ಅಂದರೆ ಪಿಯಾನೊ ವಾದಕನ ಅತಿ ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ಪಿಯಾನೊ ಮಾಡುವ ಕೆಲಸ ಹೆಚ್ಚುಕಡಿಮೆ ತಂಬೂರಿಯದು! ಸ್ವಂತ ಹೆಸರಿನ ತಟ್ಟೆಯಲ್ಲಿ ಶ್ರುತಿ ಹಿಡಿದು ಕೂರಲು ಒಪ್ಪಿದ್ದನ್ನು ನಾನು ಬ್ರೂಬೆಕ್‌ನ ದೊಡ್ಡಗುಣವೆಂದೇ ಎಣಿಸುತ್ತೇನೆ. ಅವನ ವಾದನ ಭಾರ, ಸುತ್ತಿಗೆಯಂತೆ ಬಡಿಯುತ್ತಾನೆ ಎಂದು ವಿಮರ್ಶಕರು ಅಂದಿದ್ದುಂಟು. ಆ ದೂರು ಪೂರ್ತಿ ಸುಳ್ಳೂ ಅಲ್ಲ. ಆದರೆ ಇಲ್ಲಿ ಆ ಬಡಿತವೇ ಎಲ್ಲರನ್ನೂ ಹಿಡಿದು ನಿಲ್ಲಿಸಿದೆ.

1961ರಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಏರಿತು, "ಟೈಮ್ ಔಟ್" ತಟ್ಟೆ ಆಲ್ಬಮ್ಮುಗಳ ಪಟ್ಟಿಯಲ್ಲಿ 2ಕ್ಕೆ. ಜಾಜ್‌ಗೆ ಇದು ಊಹೆಗೂ ಮೀರಿದ್ದು. ಇನ್ಶೂರೆನ್ಸ್ ತಟ್ಟೆಯಿಂದ 1966ರ ಸಂಕಲನಕ್ಕೆ ಬಂದದ್ದು "ಕ್ಯಾಂಪ್‌ಟೌನ್ ರೇಸಸ್" ಎಂಬ ಚಿಕ್ಕ ತುಣುಕು ಮಾತ್ರ. ಉಳಿದ ಹಾಡುಗಳಲ್ಲಿ "ಇನ್ ಯುವರ್ ಓನ್ ಸ್ವೀಟ್ ವೇ" ಬಹಳ ಚೆಂದ. ಮೈಲ್ಸ್ ಡೇವಿಸ್‌ನಂಥವನೇ ಅದನ್ನು ಎತ್ತಿಕೊಂಡು ನುಡಿಸಿದ್ದಾನೆ. "ಮಿಸ್ಟರ್ ಬ್ರಾಡ್‌ವೇ" ಒಂದು ಟೀವಿ ಸರಣಿಗೆ ಮಾಡಿದ್ದು. "ಬೋಸಾ ನೋವಾ ಯುಎಸ್ಎ" ಆ ಹೊತ್ತಿನ ಫ್ಯಾಷನ್ನು. ಅವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಆ "ಕ್ಯಾಂಪ್‌ಟೌನ್ ರೇಸಸ್" ಮಾತ್ರ ನನ್ನನ್ನು ಕಾಡುತ್ತದೆ. 19ನೇ ಶತಮಾನದ ಸ್ಟೀವನ್ ಫಾಸ್ಟರ್‌ನ ಹಾಡು ಅದು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ರಂಗದಿಂದ ಬಂದದ್ದು. ಅದರಲ್ಲಿ ಬೇಸ್ ನುಡಿಸಿದವನು ಯುಜೀನ್ ರೈಟ್. ಇದೇ ರೈಟ್ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಜೊತೆ ವೇದಿಕೆ ಹತ್ತುವಂತಿರಲಿಲ್ಲ. 1958ರ ಫೆಬ್ರವರಿಯಲ್ಲಿ, ವಿದೇಶ ಪ್ರವಾಸಕ್ಕೆ ಸ್ವಲ್ಪ ಮೊದಲು, ಉತ್ತರ ಕ್ಯಾರೊಲಿನದ ಕಾಲೇಜೊಂದರಲ್ಲಿ ರೈಟ್‌ನನ್ನು ಬಿಟ್ಟು ನುಡಿಸಿ ಎಂದರು. ಬ್ರೂಬೆಕ್ ಒಪ್ಪಲಿಲ್ಲ. ಒಳಗೆ ವಿದ್ಯಾರ್ಥಿಗಳು ಕಾಲಿನಿಂದ ನೆಲ ಬಡಿಯುತ್ತಿದ್ದರು. ರಾಜ್ಯಪಾಲರವರೆಗೆ ಫೋನು ಹೋಯಿತು. ಅಮೆರಿಕದ ಸರ್ಕಾರವೇ ಕಳಿಸುತ್ತಿರುವ ತಂಡವನ್ನು ಹೀಗೆ ನಿಲ್ಲಿಸಿದರೆ ಮರ್ಯಾದೆ ಹೋಗುವುದು ಯಾರದು ಎಂಬುದು ಅವರಿಗೂ ಹೊಳೆದಿರಬೇಕು. ಕಡೆಗೆ ರೈಟ್ ಹಿಂದೆ, ಕತ್ತಲಲ್ಲಿ ನಿಲ್ಲಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಬಂತು. ಕಛೇರಿ ನಡೆಯುತ್ತಿದ್ದಾಗ ಬ್ರೂಬೆಕ್, ನಿನ್ನ ಮೈಕ್ ಕೆಟ್ಟಿದೆ, ಮುಂದಿರುವ ಈ ಮೈಕಿಗೆ ಬಾ ಎಂದು ರೈಟ್‌ನನ್ನು ಕರೆದ. ರೈಟ್ ಬಂದು ವೇದಿಕೆಯ ನಟ್ಟನಡುವೆ ನಿಂತು ನುಡಿಸಿದ, ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಷರತ್ತಿನ ಸಂಗತಿ ರೈಟ್‌ಗೆ ಗೊತ್ತೇ ಇರಲಿಲ್ಲ. ಬ್ರೂಬೆಕ್ ಮುಂದೆ ಹೇಳಿಕೊಂಡ ಕತೆಯಿದು.

"ಟೈಮ್ ಔಟ್" ಬಂದ ಮರುವರ್ಷ, 1960ರಲ್ಲಿ, ದಕ್ಷಿಣದ ಕಾಲೇಜುಗಳಲ್ಲಿ 25 ಕಛೇರಿಗಳ ಪ್ರವಾಸ ನಿಗದಿಯಾಗಿತ್ತು. ರೈಟ್ ಬದಲು ಬಿಳಿಯನೊಬ್ಬನನ್ನು ತನ್ನಿ ಎಂದರು. ಆಗುವುದಿಲ್ಲ ಎಂದ ಬ್ರೂಬೆಕ್. 20ಕ್ಕೂ ಹೆಚ್ಚು ಕಛೇರಿಗಳು ರದ್ದಾದವು, ಸಂಭಾವನೆಯೂ ಹೋಯಿತು. ದಕ್ಷಿಣದ ಹಾಡುಗಳ ತಟ್ಟೆ ಬೇಕು, ಆ ತಟ್ಟೆಯಲ್ಲಿ ನುಡಿಸಿದವನು ಬೇಡ! ಮನೆಯಲ್ಲಿ ಹೀಗಿರುವಾಗ ಹೊರದೇಶದಲ್ಲಿ ಸ್ವಾತಂತ್ರ್ಯದ ರಾಯಭಾರಿ ಆಗುವುದರ ವಿಪರ್ಯಾಸವನ್ನೇ ವಸ್ತು ಮಾಡಿಕೊಂಡು ಡೇವ್ ಮತ್ತು ಅಯೋಲಾ "ದ ರಿಯಲ್ ಅಂಬ್ಯಾಸಡರ್ಸ್" ಎಂಬ ಸಂಗೀತನಾಟಕ ಬರೆದರು. 1962ರಲ್ಲಿ ಮಾಂಟೆರಿ ಉತ್ಸವದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅದನ್ನು ಹಾಡಿದ. ಅದೂ ಈ ಸಂಕಲನದಲ್ಲಿಲ್ಲ.

ತಂಡ 1967ರ ಕೊನೆಗೆ ಚೆದುರಿತು. ಬ್ರೂಬೆಕ್ ದೊಡ್ಡ ಗಾಯನವೃಂದಗಳಿಗೆ ಬರೆಯತೊಡಗಿದ. 2012ರ ಡಿಸೆಂಬರ್ 5ರಂದು, 92 ತುಂಬಲು ಒಂದು ದಿನ ಇರುವಾಗ, ತೀರಿಕೊಂಡ. ಮೊರೆಲ್ಲೊ ಅದಕ್ಕೆ ಮುಂಚಿನ ವರ್ಷವೇ ಹೋಗಿದ್ದ. ಎಲ್ಲರಿಗಿಂತ ಹೆಚ್ಚು ಬಾಳಿದ ಯುಜೀನ್ ರೈಟ್ ಹೋದದ್ದು 2020ರ ಡಿಸೆಂಬರ್‌ನಲ್ಲಿ.

ಡೆಸ್ಮಂಡ್ 1977ರಲ್ಲೇ ಹೋಗಿಬಿಟ್ಟ. ಆ ಹೆಸರೂ ಅವನ ಹುಟ್ಟುಹೆಸರಲ್ಲ. ಮೂಲ ಬ್ರೈಟನ್‌ಫೆಲ್ಡ್, ಇದನ್ನು ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕಿಕೊಂಡೆ ಎಂದು ತಮಾಷೆ ಮಾಡುತ್ತಿದ್ದ. ಹೆಂಡತಿ ಮಕ್ಕಳಿಲ್ಲದವನು. "ಟೇಕ್ ಫೈವ್" ಸೇರಿದಂತೆ ತನ್ನ ರಚನೆಗಳ ಸಂಭಾವನೆಯ ಹಕ್ಕನ್ನು ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ ಬರೆದಿಟ್ಟ. ವರ್ಷಕ್ಕೆ ಸರಾಸರಿ ಲಕ್ಷ ಡಾಲರಿನ ಆಸುಪಾಸು ಅವರಿಗೆ ಸಲ್ಲುತ್ತಾ ಬಂದಿದೆ. ಫ್ರಾನ್ಸಿನಲ್ಲಿ ಪಿಯಾನೊ ನುಡಿಸುವವರು ಯಾರಿದ್ದೀರಿ ಎಂದು ಕೇಳಿದ್ದ ಅದೇ ರೆಡ್ ಕ್ರಾಸ್. ಡೆಸ್ಮಂಡ್ ಅದನ್ನು ನೆನೆದು ಬರೆದನೆಂದು ನಾನು ಹೇಳುತ್ತಿಲ್ಲ. ಕಾಕತಾಳೀಯವೇ ಇರಬೇಕು.

ಇನ್ನೊಬ್ಬನನ್ನು ಹೇಳಿ ಮುಗಿಸುತ್ತೇನೆ. 1958ರಲ್ಲಿ ಬ್ರೂಬೆಕ್ ತಂಡ ಲಾಹೋರಿನಲ್ಲಿ ನುಡಿಸಿದಾಗ ತಂದೆಯ ಕೈಹಿಡಿದು ಬಂದಿದ್ದ ಹುಡುಗನೊಬ್ಬನಿದ್ದ, ಇಜ್ಜತ್ ಮಜೀದ್. ದೊಡ್ಡವನಾಗಿ ಹಣ ಮಾಡಿದ ಮೇಲೆ ಅವನು ಲಾಹೋರಿನಲ್ಲಿ ಸಚಲ್ ಸ್ಟುಡಿಯೋಸ್ ಕಟ್ಟಿದ. ಪಾಕಿಸ್ತಾನದ ಸಿನಿಮಾ ಉದ್ಯಮ ಕುಸಿದು ಕೆಲಸ ಕಳೆದುಕೊಂಡಿದ್ದ ವಾದ್ಯಗಾರರನ್ನು ಹುಡುಕಿ ಹುಡುಕಿ ಕರೆತಂದ. 2011ರಲ್ಲಿ ಅವರು ಸಿತಾರ್, ತಬಲ, ಪಿಟೀಲುಗಳಲ್ಲಿ "ಟೇಕ್ ಫೈವ್" ನುಡಿಸಿದರು. ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ನೋಡಿದರು. ಆಗ ಬ್ರೂಬೆಕ್‌ಗೆ ತೊಂಬತ್ತು. ತಾನು ಕೇಳಿದ "ಟೇಕ್ ಫೈವ್"ಗಳಲ್ಲೆಲ್ಲ ಅತ್ಯಂತ ಕುತೂಹಲದ್ದು, ಎಲ್ಲಕ್ಕಿಂತ ಭಿನ್ನವಾದದ್ದು ಇದೇ ಎಂದು ಹೇಳಿ ಕಳಿಸಿದ. ಹುಡುಕಿ ನೋಡಿ. ಸಿತಾರ್ ಮಟ್ಟು ಹಿಡಿಯುತ್ತದೆ, ಪಕ್ಕದಲ್ಲಿ ತಬಲದವರು ಆ ಐದನ್ನು ಮನೆಯ ಅಂಗಳದಲ್ಲಿ ಓಡಾಡಿದಷ್ಟು ಸಲೀಸಾಗಿ ನಡೆಸುತ್ತಾರೆ.